ಕರಪಾ ಎಂಬ ಒಂದೇ ಹೆಸರಿನಡಿ: ಭತ್ತದ ರೋಗಕಾರಕ ಶಿಲೀಂಧ್ರಗಳ ಗುರುತು ಹಿಡಿಯುವ ಕೆಲಸ

ಅಕ್ಟೋಬರ್ ಮೊದಲ ವಾರ ಪುಣೆ–ಲೋಣಾವಳ ಲೋಕಲ್ ರೈಲಿನಲ್ಲಿ ಕಾಮಶೇತ್‌ಗೆ ಹೋಗಿ ಇಳಿದು, ಮಾವಳ ತಾಲ್ಲೂಕಿನ ಗದ್ದೆಯೊಂದರ ಬದುವಿನ ಮೇಲೆ ನಿಂತಿದ್ದೆ. ಇಂದ್ರಾಯಣಿ ಭತ್ತ ತೆನೆ ಬಿಟ್ಟು ಹಾಲು ತುಂಬುತ್ತಿದ್ದ ಸಮಯ. ಗದ್ದೆಯ ಯಜಮಾನರು ಚುಕ್ಕೆ ಬಿದ್ದ ಎಲೆಯೊಂದನ್ನು ಕಿತ್ತು ನನ್ನ ಕೈಗಿಟ್ಟು ‘ಕರಪಾ’ ಎಂದರು. ಜೊತೆಗೆ ಬಂದಿದ್ದ ಖಾನಾಪುರದ ಗೆಳೆಯರು, ಪುಣೆಗೆ ಬಂದು ನೆಲೆಸಿ ಎಷ್ಟೋ ವರ್ಷವಾದರೂ ಊರಿನ ಗದ್ದೆಯನ್ನು ಮರೆಯದವರು, ‘ನಮ್ಮ ಕಡೆ ಇದಕ್ಕ ಬೆಂಕಿ ರೋಗ ಅಂತಾರ್ರೀ’ ಎಂದರು. ಅದೇ ಗದ್ದೆಯ ಇನ್ನೊಂದು ಮೂಲೆಯಲ್ಲಿ ಎಲೆಗಳು ತುದಿಯಿಂದ ಕೆಳಕ್ಕೆ, ಅಂಚಿನಗುಂಟ, ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಯಜಮಾನರ ಮಾತಿನಲ್ಲಿ ಅದೂ ಕರಪಾ. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಎಲೆಕವಚದ ಮೇಲೆ ಹಾವಿನ ಚರ್ಮದಂಥ ಮಚ್ಚೆಗಳು ಎದ್ದಿದ್ದವು, ಅದೂ ಕರಪಾ.

ಮರಾಠಿಯಲ್ಲಿ ಕರಪಾ ಎಂದರೆ ಸುಟ್ಟು ಕರಕಲಾಗುವುದು. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಈ ಮೂರನ್ನೂ ಕರಪಾ, ಕಡಾ ಕರಪಾ, ಪರ್ಣಕೋಶ ಕರಪಾ ಎಂದು ಬೇರ್ಪಡಿಸಿಯೇ ಬರೆದಿರುತ್ತಾರೆ. ಆದರೆ ಗದ್ದೆಯಿಂದ ಗೊಬ್ಬರ–ಔಷಧಿ ಅಂಗಡಿಯವರೆಗಿನ ದಾರಿಯಲ್ಲಿ ಆ ವಿಶೇಷಣಗಳು ಉದುರಿಹೋಗಿ ಕರಪಾ ಒಂದೇ ಉಳಿಯುತ್ತದೆ. ಮೊದಲನೆಯದು ಪೈರಿಕ್ಯುಲೇರಿಯಾ ಒರೈಝೆ ಎಂಬ ಶಿಲೀಂಧ್ರದಿಂದ ಬರುವ ಬೆಂಕಿ ರೋಗ. ಎರಡನೆಯದು ಕ್ಸಾಂಥೋಮೊನಾಸ್ ಎಂಬ ದುಂಡಾಣುವಿನಿಂದ (ಬ್ಯಾಕ್ಟೀರಿಯಾದಿಂದ) ಬರುವ ಎಲೆ ಅಂಗಮಾರಿ. ಅಲ್ಲಿ ಶಿಲೀಂಧ್ರದ ಸಂಬಂಧವೇ ಇಲ್ಲ. ಮೂರನೆಯದು ರೈಝೋಕ್ಟೋನಿಯಾ ಸೊಲಾನಿ ಎಂಬ, ಗಾಳಿಯಲ್ಲಿ ತೂರುವ ಕೊನಿಡಿಯಾ ಬೀಜಾಣುಗಳನ್ನೇ ಮಾಡದ, ಮಣ್ಣಿನಲ್ಲಿ ಗಟ್ಟಿ ಗುಳಿಗೆಗಳಾಗಿ ಉಳಿದು ನೀರಿನೊಡನೆ ತೇಲಿ ಬರುವ ಶಿಲೀಂಧ್ರದ ಕೆಲಸ. ಬೆಂಕಿ ರೋಗಕ್ಕೆಂದೇ ಇರುವ ಟ್ರೈಸೈಕ್ಲಜೋಲ್ ಎಂಬ ಶಿಲೀಂಧ್ರನಾಶಕ ಉಳಿದ ಎರಡರ ಮೇಲೆ ಕೆಲಸ ಮಾಡುವುದಿಲ್ಲ. ಆದರೂ ಅದನ್ನೇ ಇಡೀ ಗದ್ದೆಗೆ ಹೊಡೆಯುತ್ತಾರೆ. ಹಣ ಹೋಗುತ್ತದೆ, ರೋಗ ಉಳಿಯುತ್ತದೆ, ಅಕ್ಕಿಯಲ್ಲಿ ಔಷಧಿಯ ಶೇಷವೂ ಉಳಿಯುತ್ತದೆ. ಭತ್ತದ ರೋಗಗಳ ವಿಷಯದಲ್ಲಿ ನಮ್ಮ ದೊಡ್ಡ ಕೊರತೆ ಔಷಧಿಯದಲ್ಲ, ರೋಗದ ಹೆಸರನ್ನು ಸರಿಯಾಗಿ ಹಿಡಿಯುವುದರದು ಎಂದು ನಾನು ನಂಬಿರುವುದು ಇದನ್ನೆಲ್ಲ ಕಣ್ಣಾರೆ ಕಂಡ ಮೇಲೆ.

ದುಂಡಾಣುವನ್ನು ಬೇರ್ಪಡಿಸಲು ಪ್ರಯೋಗಾಲಯ ಬೇಕಾಗಿಲ್ಲ. ಅಂಚು ಒಣಗುತ್ತಿರುವ ಎಲೆಯಲ್ಲಿ ಹಸಿರೂ ಒಣಗಿದ್ದೂ ಸೇರುವ ಜಾಗವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಇಟ್ಟು, ಕೆಲವು ನಿಮಿಷ ಬೆಳಕಿಗೆ ಹಿಡಿದು ನೋಡಿದರೆ ಸಾಕು. ದುಂಡಾಣುವಿದ್ದರೆ ಕತ್ತರಿಸಿದ ಅಂಚಿನಿಂದ ಹಾಲಿನ ಎಳೆಯಂಥದ್ದು ಇಳಿಯತೊಡಗುತ್ತದೆ. ಶಿಲೀಂಧ್ರವಾದರೆ ನೀರು ತಿಳಿಯಾಗಿಯೇ ಇರುತ್ತದೆ. ಕಾಮಶೇತ್‌ನಲ್ಲಿ ಯಜಮಾನರ ಮನೆಯ ಚಹಾ ಲೋಟದಲ್ಲೇ ಇದನ್ನು ಮಾಡಿದೆವು, ಎಳೆ ಇಳಿಯಿತು. ಆ ಮೂಲೆಗೆ ಶಿಲೀಂಧ್ರನಾಶಕ ಹೊಡೆಯುವ ಮಾತು ಅಲ್ಲಿಗೇ ಮುಗಿಯಿತು.

ರೋಗವೇ ಅಲ್ಲದ್ದನ್ನು ರೋಗವೆಂದುಕೊಂಡ ಉದಾಹರಣೆಯೂ ನಮ್ಮಲ್ಲಿದೆ. ಉತ್ತರದಲ್ಲಿ ಹಿಮಾಲಯದ ಬುಡದ ತರಾಯಿ ಪ್ರದೇಶದಲ್ಲಿ ಭತ್ತದ ಎಲೆಗಳನ್ನು ತುಕ್ಕಿನ ಬಣ್ಣಕ್ಕೆ ತಿರುಗಿಸಿ ಪೈರನ್ನು ಕುಗ್ಗಿಸುತ್ತಿದ್ದ ‘ಖೈರಾ’ ಎಂಬುದು ಮಣ್ಣಿನಲ್ಲಿ ಸತುವಿನ ಕೊರತೆಯಿಂದ ಬರುವುದೆಂದು ಪಂತನಗರದಲ್ಲಿ ಡಾ. ವೈ. ಎಲ್. ನೆನೆ 1966ರಲ್ಲಿ ತೋರಿಸಿಕೊಟ್ಟರು. ಅಲ್ಲಿಂದಾಚೆಗೆ ಅದರ ಪರಿಹಾರ ಸತುವಿನ ಸಲ್ಫೇಟ್ ಆಯಿತು. ಗುರುತಿಸುವ ಕೆಲಸದ ಮೊದಲ ಹೆಜ್ಜೆ ‘ಇದು ಯಾವ ಶಿಲೀಂಧ್ರ’ ಎಂದು ಕೇಳುವುದಲ್ಲ, ‘ಇದು ಶಿಲೀಂಧ್ರ ಹೌದೇ’ ಎಂದು ಕೇಳುವುದು.

ಶಿಲೀಂಧ್ರವೇ ಎಂದು ಗೊತ್ತಾದ ಮೇಲೂ ಕಣ್ಣು ಮೋಸ ಹೋಗುತ್ತದೆ. ಪಠ್ಯಪುಸ್ತಕದ ಪ್ರಕಾರ ಬೆಂಕಿ ರೋಗದ ಚುಕ್ಕೆ ಎರಡೂ ತುದಿ ಚೂಪಾದ, ನೂಲುವ ಕದಿರಿನ ಆಕಾರದ್ದು, ನಡುವೆ ಬೂದು, ಸುತ್ತ ಕಂದು ಅಂಚು. ಇನ್ನೊಂದು ಶಿಲೀಂಧ್ರದಿಂದ ಬರುವ ಕಂದು ಚುಕ್ಕೆ ರೋಗದ್ದು ಎಳ್ಳಿನ ಕಾಳಿನಂತೆ ದುಂಡು ಅಥವಾ ಮೊಟ್ಟೆಯಾಕಾರ, ಸುತ್ತ ಹಳದಿ ಪ್ರಭೆ. ಆದರೆ ತಳಿ ಸ್ವಲ್ಪ ನಿರೋಧಕವಾಗಿದ್ದರೆ ಬೆಂಕಿ ರೋಗದ ಚುಕ್ಕೆ ಪೂರ್ತಿ ಬೆಳೆಯದೆ ಕಂದು ಬಿಂದುವಾಗಿಯೇ ನಿಂತುಬಿಡುತ್ತದೆ. ಅತ್ತ ಪೊಟ್ಯಾಷ್ ಕಡಿಮೆಯಿರುವ ಮಣ್ಣಿನಲ್ಲಿ ಸೊರಗಿದ ಪೈರಿನ ಮೇಲೆ ಕಂದು ಚುಕ್ಕೆಗಳು ದೊಡ್ಡದಾಗಿ, ನಡುವೆ ಬೂದು ಬಣ್ಣ ತಾಳುತ್ತವೆ. ಆಗ ಎರಡಕ್ಕೂ ವ್ಯತ್ಯಾಸ ಹೇಳುವುದು ಅನುಭವಿಗಳಿಗೂ ಕಷ್ಟ. ಈ ಎರಡು ರೋಗಗಳ ಸ್ವಭಾವವಂತೂ ಹೆಚ್ಚು ಕಡಿಮೆ ವಿರುದ್ಧ: ಯೂರಿಯಾ ಹೆಚ್ಚಾದ, ಹಸಿರುಕ್ಕುವ ಗದ್ದೆಯನ್ನು ಬೆಂಕಿ ರೋಗ ಹುಡುಕಿಕೊಂಡು ಬರುತ್ತದೆ, ಹಸಿದ ಮಣ್ಣಿನ ಬಡ ಪೈರನ್ನು ಕಂದು ಚುಕ್ಕೆ ಹಿಡಿಯುತ್ತದೆ. ಮೊದಲನೆಯದಕ್ಕೆ ಗೊಬ್ಬರ ನಿಲ್ಲಿಸಬೇಕು, ಎರಡನೆಯದಕ್ಕೆ ಗೊಬ್ಬರ ಕೊಡಬೇಕು. ಹೆಸರು ತಪ್ಪಿದರೆ ಸಲಹೆ ತಲೆಕೆಳಗಾಗುತ್ತದೆ.

ಕಂದು ಚುಕ್ಕೆಯನ್ನು ಬಡವರ ಗದ್ದೆಯ ಸಣ್ಣ ರೋಗವೆಂದು ಬದಿಗಿಡುವವರು 1942ರ ಬಂಗಾಳವನ್ನು ನೆನೆಯಬೇಕು. ಆ ವರ್ಷ ಭತ್ತವನ್ನು ಈ ರೋಗ ಹಾಳುಮಾಡಿದ ಬಗೆಯನ್ನು, ಮರುವರ್ಷದ ಮಹಾಕ್ಷಾಮದೊಡನೆ ಅದಕ್ಕಿದ್ದ ನಂಟನ್ನು ಸಸ್ಯರೋಗತಜ್ಞ ಎಸ್. ವೈ. ಪದ್ಮನಾಭನ್ 1973ರಲ್ಲಿ ವಿವರವಾಗಿ ದಾಖಲಿಸಿದರು. ಕ್ಷಾಮಕ್ಕೆ ಆಹಾರದ ಕೊರತೆಗಿಂತ ಬೆಲೆ, ಯುದ್ಧ ಮತ್ತು ಆಡಳಿತದ ನೀತಿಗಳೇ ಮುಖ್ಯ ಕಾರಣವೆಂದು ಅಮರ್ತ್ಯ ಸೇನ್ ವಾದಿಸಿದ್ದಾರೆ. ರೋಗದ ಪಾಲು ಎಷ್ಟೆಂಬ ಚರ್ಚೆ ಏನೇ ಇರಲಿ, ಆ ಹಂಗಾಮಿನಲ್ಲಿ ಶಿಲೀಂಧ್ರ ಗದ್ದೆಗಳನ್ನು ಮುತ್ತಿದ್ದು ನಿಜ.

ಇನ್ನು ಪ್ರಯೋಗಾಲಯದ ಮಾತು. ಇಲ್ಲಿ ತಪ್ಪು ಶುರುವಾಗುವುದು ಸೂಕ್ಷ್ಮದರ್ಶಕದಲ್ಲಲ್ಲ, ಪ್ಲಾಸ್ಟಿಕ್ ಚೀಲದಲ್ಲಿ. ಒದ್ದೆ ಎಲೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಎರಡು ದಿನ ಬಿಟ್ಟು ತಂದರೆ, ಸತ್ತ ಅಂಗಾಂಶದ ಮೇಲೆ ಬದುಕುವ ಕರ್ವುಲೇರಿಯಾ, ಆಲ್ಟರ್ನೇರಿಯಾ, ನೈಗ್ರೊಸ್ಪೋರಾಗಳು ನಿಜವಾದ ಅಪರಾಧಿಯನ್ನು ಮುಚ್ಚಿಬಿಡುತ್ತವೆ. ನಾನೇ ಒಮ್ಮೆ ಇಂಥ ಎಲೆಯಿಂದ ಬೆಳೆದ ಕರ್ವುಲೇರಿಯಾವನ್ನು ರೋಗಕಾರಕವೆಂದು ಬರೆದು ಕಳಿಸುವ ಹಂತಕ್ಕೆ ಬಂದಿದ್ದೆ. ಅದೇ ಗದ್ದೆಯಿಂದ ಕಾಗದದ ಲಕೋಟೆಯಲ್ಲಿ ಒಣಗಿಸಿ ತಂದ ಇನ್ನೊಂದು ಎಲೆ ಬೇರೆಯೇ ಕಥೆ ಹೇಳಿತು. ಎಲೆಯನ್ನು ವೃತ್ತಪತ್ರಿಕೆಯ ನಡುವೆ ಒತ್ತಿ, ಕಾಗದದ ಚೀಲದಲ್ಲಿ, ತಳಿ, ಊರು, ದಿನಾಂಕ ಬರೆದು ತರಬೇಕು. ಪೂರ್ತಿ ಸತ್ತ ಎಲೆಗಿಂತ ಚುಕ್ಕೆ ಹೊಸದಾಗಿ ಹರಡುತ್ತಿರುವ ಎಲೆ ಒಳ್ಳೆಯದು.

ಚುಕ್ಕೆಯಂಚಿನ ಚೂರುಗಳನ್ನು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಮೇಲಿನ ಕೊಳೆ ಕಳೆದು, ಶುದ್ಧ ನೀರಿನಲ್ಲಿ ತೊಳೆದು, ಒಂದಷ್ಟನ್ನು ಆಲೂಗಡ್ಡೆ–ಡೆಕ್ಸ್ಟ್ರೋಸ್ ಅಗರ್ ಮೇಲೆ ಇಡುತ್ತೇವೆ, ಮತ್ತಷ್ಟನ್ನು ಒದ್ದೆ ಸೋಸುಕಾಗದ ಹಾಸಿದ ಪೆಟ್ರಿ ತಟ್ಟೆಯಲ್ಲಿ ಇಡುತ್ತೇವೆ. ಒಂದೆರಡು ದಿನ ಕಳೆದ ಮೇಲೆ ಒದ್ದೆ ತಟ್ಟೆಯ ಚೂರನ್ನು ಭೂತಗನ್ನಡಿಯಡಿ ಓರೆ ಬೆಳಕಿನಲ್ಲಿ ನೋಡಿದರೆ ಚುಕ್ಕೆಯ ನಡುವೆ ಬೂದು ನವಿರು ಎದ್ದಿರುತ್ತದೆ. ಪಾರದರ್ಶಕ ಅಂಟುಪಟ್ಟಿಯ ತುಂಡನ್ನು ಅದಕ್ಕೆ ಮೆಲ್ಲಗೆ ತಾಗಿಸಿ, ನೀಲಿ ಬಣ್ಣದ ಹನಿಯ ಮೇಲೆ ಒತ್ತಿ ಸೂಕ್ಷ್ಮದರ್ಶಕಕ್ಕೆ ಇಟ್ಟಾಗ ಕಾಣುವುದನ್ನು ಒಮ್ಮೆ ಕಂಡವರು ಮರೆಯಲಾರರು. ಪೈರಿಕ್ಯುಲೇರಿಯಾದ ಬೀಜಾಣು ಪಿಯರ್ ಹಣ್ಣಿನ ಹಾಗೆ ಒಂದು ತುದಿ ಸಣ್ಣ, ಇನ್ನೊಂದು ತುದಿ ಉಬ್ಬು. ಎರಡು ಅಡ್ಡಗೋಡೆ, ಮೂರು ಕೋಶ, ಬಣ್ಣವೇ ಇಲ್ಲವೆನ್ನುವಷ್ಟು ತಿಳಿ, ಉದ್ದ ಸುಮಾರು 20 ಮೈಕ್ರಾನ್. ಕಂದು ಚುಕ್ಕೆಯ ಬೈಪೋಲಾರಿಸ್ ಒರೈಝೆಯದು ದೋಣಿಯಂತೆ ಬಾಗಿದ ಕಂದು ಬೀಜಾಣು, ಹಲವು ಅಡ್ಡಗೋಡೆಗಳು, ಅದರ ನಾಲ್ಕೈದು ಪಟ್ಟು ಉದ್ದ. ಕರ್ವುಲೇರಿಯಾದ್ದು ಸಾಮಾನ್ಯವಾಗಿ ನಾಲ್ಕು ಕೋಶಗಳದ್ದು, ಮೂರನೆಯ ಕೋಶ ಉಬ್ಬಿ ಇಡೀ ಬೀಜಾಣು ಮೊಣಕೈಯಂತೆ ಮಡಚಿರುತ್ತದೆ. ಗದ್ದೆಯಲ್ಲಿ ಬೇರ್ಪಡಿಸಲಾಗದ ಚುಕ್ಕೆಗಳು ಇಲ್ಲಿ ಒಂದು ನೋಟಕ್ಕೇ ಬೇರೆಯಾಗುತ್ತವೆ.

ಎಲೆಕವಚದ ರೈಝೋಕ್ಟೋನಿಯಾಕ್ಕೆ ತೋರಿಸಲು ಇಂಥ ಬೀಜಾಣುವಿಲ್ಲ. ಅದನ್ನು ಶಿಲೀಂಧ್ರದ ನೂಲಿನಂಥ ಎಳೆಗಳ ನಡವಳಿಕೆಯಿಂದಲೇ ಹಿಡಿಯಬೇಕು: ಕೊಂಬೆ ಹೆಚ್ಚುಕಡಿಮೆ ನೇರ ಕೋನದಲ್ಲಿ ಒಡೆಯುತ್ತದೆ, ಒಡೆದಲ್ಲಿ ಸೊಂಟ ಹಿಡಿದಂತೆ ಸಣ್ಣದಾಗುತ್ತದೆ, ಅದಕ್ಕೆ ತುಸು ಮುಂದೆ ಅಡ್ಡಗೋಡೆ ಬರುತ್ತದೆ. ಇದೇ ಹೆಸರಿನ ಶಿಲೀಂಧ್ರ ಆಲೂಗಡ್ಡೆಗೂ ಬರುತ್ತದೆ, ಆದರೆ ಎರಡೂ ಒಂದೇ ಬಳಗದವಲ್ಲ. ಎರಡು ಎಳೆಗಳು ಎದುರಾದಾಗ ಬೆಸೆದುಕೊಳ್ಳುತ್ತವೆಯೇ ಎಂದು ನೋಡಿ ಬಳಗಗಳನ್ನು ವಿಂಗಡಿಸುವ ಪದ್ಧತಿಯಿದೆ. ಭತ್ತದ ಎಲೆಕವಚಕ್ಕೆ ಬರುವುದು ಮುಖ್ಯವಾಗಿ ಎಜಿ–1 ಐಎ ಎಂಬ ಬಳಗ. ಇದಕ್ಕೆ ಪೂರ್ತಿ ನಿರೋಧಕವಾದ ಭತ್ತದ ತಳಿ ಇನ್ನೂ ಸಿಕ್ಕಿಲ್ಲ.

ಒಂದೇ ಬೀಜಾಣುವನ್ನು ಆರಿಸಿ ಬೆಳೆಸಿ, ಅದನ್ನು ಆರೋಗ್ಯವಂತ ಸಸಿಗೆ ಸಿಂಪಡಿಸಿ, ಅದೇ ಚುಕ್ಕೆ ಬಂತೇ ಎಂದು ನೋಡಿ, ಆ ಚುಕ್ಕೆಯಿಂದ ಅದೇ ಶಿಲೀಂಧ್ರವನ್ನು ಮತ್ತೆ ತೆಗೆದಾಗ ಮಾತ್ರ ಆರೋಪ ಸಾಬೀತಾಗುತ್ತದೆ. ರಾಬರ್ಟ್ ಕಾಕ್ ಹತ್ತೊಂಬತ್ತನೆಯ ಶತಮಾನದಲ್ಲಿ ಹಾಕಿಕೊಟ್ಟ ಈ ನಿಯಮ ಇಂದಿಗೂ ಸಡಿಲವಾಗಿಲ್ಲ. ಆದರೆ ಇತ್ತೀಚೆಗೆ ಡಿಎನ್‌ಎ ಓದುವುದು ಅಗ್ಗವಾದ ಮೇಲೆ, ಎಲೆಯಿಂದ ಏನೋ ಒಂದು ಬೆಳೆಯಿತು, ಅದರ ಡಿಎನ್‌ಎ ಕಳಿಸಿದೆವು, ಜೆನ್‌ಬ್ಯಾಂಕ್ ಎಂಬ ಡಿಎನ್‌ಎ ಮಾಹಿತಿಯ ಭಂಡಾರದಲ್ಲಿ ಹತ್ತಿರದ ಹೆಸರು ಸಿಕ್ಕಿತು, ಅದೇ ರೋಗಕಾರಕ ಎಂದು ಬರೆಯುವ ಅವಸರ ಹೆಚ್ಚಾಗಿದೆ. ಈ ಅವಸರ ನನ್ನನ್ನು ಕಾಡುತ್ತದೆ, ಏಕೆಂದರೆ ಎಲೆಯ ಮೇಲೆ ಇರುವುದೆಲ್ಲ ಎಲೆಯನ್ನು ಕೊಂದದ್ದಲ್ಲ.

ಡಿಎನ್‌ಎಯ ಮಿತಿಯೂ ಗೊತ್ತಿರಬೇಕು. ಶಿಲೀಂಧ್ರಗಳಿಗೆ ಸಾಮಾನ್ಯ ಗುರುತುಪಟ್ಟಿಯೆಂದು 2012ರಲ್ಲಿ ಒಪ್ಪಿಕೊಂಡ ಐಟಿಎಸ್ ಎಂಬ ತುಣುಕು ಕುಲವನ್ನು ಚೆನ್ನಾಗಿ ಹೇಳುತ್ತದೆ, ಜಾತಿಯ ವಿಷಯದಲ್ಲಿ ಹಲವು ಸಲ ತಡವರಿಸುತ್ತದೆ. ಸಸಿಗಳನ್ನು ಅಸಹಜವಾಗಿ ಉದ್ದ ಬೆಳೆಸಿ ಸಾಯಿಸುವ ಬಕಾನೆ ರೋಗದ ಫ್ಯುಸೇರಿಯಂ ಫ್ಯೂಜಿಕುರೊಯ್ ಅನ್ನು ಅದರ ದಾಯಾದಿಗಳಿಂದ ಬೇರ್ಪಡಿಸಲು ಐಟಿಎಸ್ ಸಾಲದು, ಟಿಇಎಫ್–1 ಎಂಬ ಇನ್ನೊಂದು ಜೀನನ್ನು ಓದಬೇಕು. (ಜಪಾನಿನ ಕುರೊಸಾವಾ 1926ರಲ್ಲಿ ಇದೇ ಶಿಲೀಂಧ್ರದ ಸ್ರಾವ ಸಸಿಯನ್ನು ಉದ್ದವಾಗಿಸುತ್ತದೆಂದು ತೋರಿಸಿದ್ದರಿಂದಲೇ ಜಿಬ್ಬರೆಲಿನ್ ಎಂಬ ಸಸ್ಯಹಾರ್ಮೋನು ಜಗತ್ತಿಗೆ ಗೊತ್ತಾಯಿತು.) ಭತ್ತದ ಬೆಂಕಿ ರೋಗ, ರಾಗಿಯ ಬೆಂಕಿ ರೋಗ, ಗೋಧಿಯ ಬೆಂಕಿ ರೋಗ ಮೂರಕ್ಕೂ ಕಾರಣ ಪೈರಿಕ್ಯುಲೇರಿಯಾ ಒರೈಝೆಯೇ, ಐಟಿಎಸ್ ಅವನ್ನು ಬೇರ್ಪಡಿಸದು. ಆದರೂ ಭತ್ತದ ಬಳಗ ಸಾಮಾನ್ಯವಾಗಿ ರಾಗಿಗೆ ಹತ್ತುವುದಿಲ್ಲ, ರಾಗಿಯದು ಭತ್ತಕ್ಕೆ ಹತ್ತುವುದಿಲ್ಲ.

ಆ ಬಳಗವನ್ನು ಗುರುತಿಸುವುದು ಎಷ್ಟು ದೊಡ್ಡ ಪ್ರಶ್ನೆಯಾಗಬಲ್ಲದೆಂದು 2016ರಲ್ಲಿ ಬಾಂಗ್ಲಾದೇಶ ತೋರಿಸಿತು. ಏಷ್ಯಾದಲ್ಲಿ ಎಂದೂ ಕಾಣದ ಗೋಧಿಯ ಬೆಂಕಿ ರೋಗ ಅಲ್ಲಿನ ಗದ್ದೆಗಳಲ್ಲಿ ಕಾಣಿಸಿಕೊಂಡಾಗ, ನೆರೆಯ ಭತ್ತದ ಗದ್ದೆಯಿಂದಲೇ ಹಾರಿ ಬಂತೇ ಎಂಬ ಭಯವಿತ್ತು. ರೋಗ ಹಿಡಿದ ಎಲೆಗಳ ಆನುವಂಶಿಕ ಮಾಹಿತಿಯನ್ನು ನೇರವಾಗಿ ಓದಿ, ಬೇಗನೆ ಎಲ್ಲರಿಗೂ ತೆರೆದಿಟ್ಟು ಹೋಲಿಸಿದಾಗ ಅದು ದಕ್ಷಿಣ ಅಮೆರಿಕದ ಗೋಧಿಯ ಬಳಗವೆಂದು ತಿಳಿಯಿತು. ತಡೆಯಬೇಕಾದದ್ದು ಭತ್ತವನ್ನಲ್ಲ, ಗಡಿ ದಾಟುವ ಗೋಧಿಯನ್ನು ಎಂದು ಆ ಒಂದು ಗುರುತಿನಿಂದ ಸ್ಪಷ್ಟವಾಯಿತು.

ಈ ಶಿಲೀಂಧ್ರದ ಹೆಸರೇ ಒಂದು ಗೊಂದಲ. ಬಹುಕಾಲ ಇದನ್ನು ಮ್ಯಾಗ್ನಪೋರ್ಥೆ ಗ್ರೈಸಿಯಾ ಎಂದರು. ಹುಲ್ಲಿನ ಮೇಲಿನದು ಬೇರೆ, ಭತ್ತದ್ದು ಬೇರೆ ಎಂದು 2002ರಲ್ಲಿ ವಿಂಗಡಿಸಿ ಭತ್ತದ್ದನ್ನು ಮ್ಯಾಗ್ನಪೋರ್ಥೆ ಒರೈಝೆ ಎಂದರು. ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಎಂಬ ನಿಯಮ ಬಂದ ಮೇಲೆ, ಹಳೆಯ ಪೈರಿಕ್ಯುಲೇರಿಯಾ ಒರೈಝೆಯನ್ನೇ ಉಳಿಸಿಕೊಳ್ಳಬೇಕೆಂದು ತಜ್ಞರು ಶಿಫಾರಸು ಮಾಡಿದರು. ಕಂದು ಚುಕ್ಕೆಯದಕ್ಕೆ ಹೆಲ್ಮಿಂಥೋಸ್ಪೋರಿಯಂ, ಡ್ರೆಕ್ಸ್ಲೇರಾ, ಬೈಪೋಲಾರಿಸ್ ಎಂದು ಹೆಸರು ಬದಲಾದವು. ಹಳೆಯ ವರದಿ ಹುಡುಕುವ ವಿದ್ಯಾರ್ಥಿಗೆ ಈ ಸರಪಳಿ ಗೊತ್ತಿಲ್ಲದಿದ್ದರೆ ನಮ್ಮದೇ ನೆಲದ ಅರ್ಧ ಜ್ಞಾನ ಅವನಿಗೆ ಸಿಗುವುದಿಲ್ಲ.

ಹಾಗೆ ನೋಡಿದರೆ ಕನ್ನಡಿಗರ ಕಿವಿಗೆ ಹತ್ತಿರದ ಒಂದು ಹೆಸರು ಜಗತ್ತಿನ ಸಸ್ಯರೋಗಶಾಸ್ತ್ರದಲ್ಲಿ ನಿಂತಿದೆ. ಭತ್ತದ ತೆನೆ ಬಿಚ್ಚಿಕೊಳ್ಳದೆ, ಬಿಳಿ ಎಳೆಗಳಿಂದ ಅಂಟಿ, ನೆಟ್ಟಗೆ ಬೂದು ಕಡ್ಡಿಯಾಗಿ ಹೊರಬರುವ ರೋಗಕ್ಕೆ ಪ್ರಪಂಚದ ಪುಸ್ತಕಗಳೆಲ್ಲ ‘ಉಡ್ಬತ್ತಾ’ ಎನ್ನುತ್ತವೆ. ಅದು ನಮ್ಮ ಊದುಬತ್ತಿ. ಇದರ ಶಿಲೀಂಧ್ರವನ್ನು 1914ರಲ್ಲಿ ಎಫೆಲಿಸ್ ಒರೈಝೆ ಎಂದು ವಿವರಿಸಲಾಯಿತು. ತೆನೆಯ ಕಾಳುಗಳನ್ನು ಹಸಿರು–ಹಳದಿ ಹುಡಿಯ ಉಂಡೆಗಳನ್ನಾಗಿ ಮಾಡುವ ಹುಸಿಕಾಡಿಗೆ ರೋಗದ ಶಿಲೀಂಧ್ರಕ್ಕೆ ಮೊದಲ ಹೆಸರಿಟ್ಟದ್ದೂ ನಮ್ಮ ದಕ್ಷಿಣದ ಮಾದರಿಯಿಂದಲೇ: ತಿರುನೆಲ್ವೇಲಿಯಿಂದ ಹೋದ ತೆನೆಗಳನ್ನು ನೋಡಿ ಇಂಗ್ಲೆಂಡಿನ ಶಿಲೀಂಧ್ರತಜ್ಞ ಕುಕ್ 1878ರಲ್ಲಿ ಅದನ್ನು ವಿವರಿಸಿದ. ಒಳ್ಳೆಯ ಫಸಲಿನ ವರ್ಷ ಹೆಚ್ಚು ಕಾಣುತ್ತದೆಂದು ಇದನ್ನು ಲಕ್ಷ್ಮಿ ರೋಗವೆಂದು ಕರೆದ ಕಾಲವೂ ಇತ್ತು. ಇಂದು ಯಾರೂ ಹಾಗೆ ಕರೆಯಲಾರರು. ಆ ಉಂಡೆಗಳಲ್ಲಿ ವಿಷಪದಾರ್ಥಗಳಿವೆ.

ಗುರುತು ಸಿಕ್ಕ ಮೇಲೆ ಸ್ವಭಾವ ತಿಳಿಯುವ ಕೆಲಸ. ಬೆಂಕಿ ರೋಗದ ಬೀಜಾಣು ಎಲೆಯ ಮೇಲೆ ಕುಳಿತು ಮೊಳೆತು, ಗುಮ್ಮಟದಂಥ ಒಂದು ಕೋಶವನ್ನು ಕಟ್ಟಿ, ಅದರ ಗೋಡೆಗೆ ಮೆಲನಿನ್ ಲೇಪಿಸಿ, ಒಳಗೆ 8 ಮೆಗಾಪಾಸ್ಕಲ್‌ನಷ್ಟು ಒತ್ತಡ ತುಂಬಿಸಿಕೊಂಡು ಎಲೆಯ ಹೊರಪದರವನ್ನು ಚುಚ್ಚುತ್ತದೆ. ಕಾರಿನ ಟೈರಿನ ಒತ್ತಡಕ್ಕಿಂತ ಇದು ಮೂವತ್ತು ಪಟ್ಟಿಗೂ ಹೆಚ್ಚು. ಟ್ರೈಸೈಕ್ಲಜೋಲ್ ಆ ಮೆಲನಿನ್ ಆಗುವುದನ್ನೇ ತಡೆಯುತ್ತದೆ, ಹಾಗಾಗಿ ಅದು ಬೆಂಕಿ ರೋಗಕ್ಕೆ ಮೀಸಲಾದ ಔಷಧಿ. ಐರೋಪ್ಯ ಒಕ್ಕೂಟ 2017ರಲ್ಲಿ ಅಕ್ಕಿಯಲ್ಲಿ ಇದರ ಶೇಷದ ಮಿತಿಯನ್ನು ಕಿಲೋಗೆ 1 ಮಿಲಿಗ್ರಾಂನಿಂದ 0.01ಕ್ಕೆ ಇಳಿಸಿತು. ಕಂದು ಚುಕ್ಕೆಗೂ ದುಂಡಾಣುವಿಗೂ ಇದನ್ನೇ ಹೊಡೆಯುವ ಅಭ್ಯಾಸ ಆರೋಗ್ಯಕ್ಕಷ್ಟೇ ಅಲ್ಲ, ರಫ್ತಿಗೂ ಪೆಟ್ಟು ಕೊಡುತ್ತದೆ. ಅಜಾಕ್ಸಿಸ್ಟ್ರೋಬಿನ್‌ನಂಥ ಔಷಧಿಗಳದು ಇನ್ನೊಂದು ಸಮಸ್ಯೆ: ಶಿಲೀಂಧ್ರದ ಸೈಟೋಕ್ರೋಮ್ ಬಿ ಪ್ರೋಟೀನಿನ 143ನೆಯ ಸ್ಥಾನದಲ್ಲಿ ಗ್ಲೈಸಿನ್ ಬದಲು ಅಲನಿನ್ ಬಂದರೆ ಔಷಧಿ ನಾಟುವುದೇ ಇಲ್ಲ. ಆ ಬದಲಾವಣೆ ನಮ್ಮ ಗದ್ದೆಯ ಶಿಲೀಂಧ್ರದಲ್ಲಿ ಆಗಿದೆಯೇ ಎಂದು ತಿಳಿಯಲು ನಮ್ಮ ಗದ್ದೆಯದನ್ನೇ ಪರೀಕ್ಷಿಸಬೇಕು.

ತಳಿಗಳ ವಿಷಯದಲ್ಲೂ ಹೀಗೆಯೇ. ಪಿಐ–9, ಪಿಐ–54ರಂಥ ನಿರೋಧಕ ಜೀನುಗಳು ಶಿಲೀಂಧ್ರದ ಕೆಲವು ಬಳಗಗಳನ್ನು ತಡೆದು ಕೆಲವನ್ನು ಬಿಡುತ್ತವೆ; ಅವುಗಳ ಗುರುತಿಗೆ ಸಿಗುತ್ತಿದ್ದ ತನ್ನ ಒಂದು ಜೀನನ್ನು ಶಿಲೀಂಧ್ರ ಕಳಚಿಕೊಂಡರೆ ಕಾವಲು ತಪ್ಪುತ್ತದೆ. ಅದಕ್ಕೇ ಮಳೆ, ಮಂಜು, ತಂಪು ರಾತ್ರಿ ಸೇರಿ ರೋಗ ತಾನಾಗಿಯೇ ಉಲ್ಬಣಿಸುವ ಊರುಗಳಲ್ಲಿ ತಳಿಗಳನ್ನು ಬೆಳೆಸಿ ನೋಡುತ್ತಾರೆ. ಇಲ್ಲಿಯ ಲೋಣಾವಳ ಅಂಥದ್ದೊಂದು, ಕೊಡಗಿನ ಪೊನ್ನಂಪೇಟೆ ಮತ್ತೊಂದು. ಒಂದೆಡೆ ಗೆದ್ದ ತಳಿ ಇನ್ನೊಂದೆಡೆ ಸೋಲುವುದು ತಳಿಯ ತಪ್ಪಲ್ಲ, ಎರಡೂ ಊರಿನ ಶಿಲೀಂಧ್ರ ಒಂದೇ ಅಲ್ಲದಿರುವುದರ ಸೂಚನೆ.

ಪುಣೆಯಲ್ಲಿರುವವರಿಗೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. 1946ರಲ್ಲಿ ಮಹಾರಾಷ್ಟ್ರ ವಿಜ್ಞಾನ ಸಂವರ್ಧನ ಸಂಸ್ಥೆಯಾಗಿ ಹುಟ್ಟಿ, ಸಸ್ಯವಿಜ್ಞಾನಿ ಶಂಕರ ಪುರುಷೋತ್ತಮ ಆಘಾರಕರರ ಹೆಸರು ಪಡೆದ ಸಂಶೋಧನಾ ಸಂಸ್ಥೆಯಲ್ಲಿ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹವೂ ಅಜರೇಕರ್ ಹೆಸರಿನ ಒಣಮಾದರಿಗಳ ಭಂಡಾರವೂ ಇವೆ. ಜೀವಂತ ಶಿಲೀಂಧ್ರಗಳನ್ನು ಅಲ್ಲಿ ಕಾಪಿಡುತ್ತಾರೆ, ಕಳಿಸಿದ ಮಾದರಿಗಳನ್ನು ಗುರುತಿಸಿಯೂ ಕೊಡುತ್ತಾರೆ. ಅದು ಇರುವ ರಸ್ತೆಗೆ ಸಮಾಜ ಸುಧಾರಕ ಗೋಪಾಳ ಗಣೇಶ ಆಗರಕರರ ಹೆಸರಿದೆ. ಎರಡೂ ಒಂದೇ ಎಂದುಕೊಳ್ಳುವವರು ಬಹಳ. ಮುಂದೆ ಯಾರಾದರೂ ‘ಈ ರೋಗ ಮೊದಲೂ ಹೀಗೆಯೇ ಇತ್ತೇ’ ಎಂದು ಕೇಳಿದರೆ ಉತ್ತರ ಇಂಥ ಕಪಾಟುಗಳಲ್ಲೇ ಇರುತ್ತದೆ. ಪ್ರಬಂಧ ಮುಗಿದೊಡನೆ ವಿದ್ಯಾರ್ಥಿಯ ಶಿಲೀಂಧ್ರವೂ ಕಾಲೇಜಿನ ಫ್ರಿಜ್‌ನಲ್ಲಿ ಒಣಗಿ ಸಾಯುವುದು ನಮ್ಮಲ್ಲಿ ಸಾಮಾನ್ಯವಾಗಿರುವುದರಿಂದ, ಪ್ರಕಟಿಸುವ ಮುನ್ನ ಸಂಗ್ರಹಕ್ಕೆ ಒಪ್ಪಿಸುವುದನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ಆಗ್ರಹ. ತಾಲ್ಲೂಕು ಮಟ್ಟದಲ್ಲಿ ಒಂದು ಸಾಧಾರಣ ಸೂಕ್ಷ್ಮದರ್ಶಕ, ಒದ್ದೆ ತಟ್ಟೆ ಮತ್ತು ಅದನ್ನು ನೋಡಬಲ್ಲ ಒಬ್ಬರಿದ್ದರೆ, ಹೆಚ್ಚಿನ ಎಲೆಗಳು ದೊಡ್ಡ ಪ್ರಯೋಗಾಲಯದವರೆಗೆ ಬರಬೇಕಾಗಿಯೇ ಇಲ್ಲ.

ಕಾಮಶೇತ್‌ನ ಎಲೆಗಳ ಫಲಿತಾಂಶ ನಾಲ್ಕನೆಯ ದಿನ ಸ್ಪಷ್ಟವಾಯಿತು. ಯಜಮಾನರು ಮೊದಲು ಕೈಗಿಟ್ಟ ಚುಕ್ಕೆಯ ಎಲೆಯಿಂದ ಎದ್ದದ್ದು ಬಾಗಿದ ಕಂದು ಬೀಜಾಣು, ಬೈಪೋಲಾರಿಸ್. ಪಿಯರ್ ಹಣ್ಣಿನಾಕಾರದ ಬೀಜಾಣು ಸಿಕ್ಕಿದ್ದು ಅದೇ ಗದ್ದೆಯ ಎರಡು ತೆನೆಗಳ ಕಪ್ಪಾದ ಕುತ್ತಿಗೆಯಲ್ಲಿ. ಫೋನಿನಲ್ಲಿ ಇದನ್ನು ಹೇಳಿದೆ. ಕುತ್ತಿಗೆ ಕಪ್ಪಾದ ಮೇಲೆ ಆ ತೆನೆಗೆ ಔಷಧಿ ಹೊಡೆದು ಪ್ರಯೋಜನವಿಲ್ಲ, ಹೊಡೆಯುವುದಿದ್ದರೆ ತೆನೆ ಹೊರಬರುವ ಹೊತ್ತಿಗೇ ಹೊಡೆಯಬೇಕಿತ್ತು ಎಂದೆ. ಅವರು ಸ್ವಲ್ಪ ಸುಮ್ಮನಿದ್ದು, ಮುಂದಿನ ವರ್ಷಕ್ಕೆ ಇದರದ್ದೇ ಬೀಜ ಇಡಬಹುದೇ ಎಂದು ಕೇಳಿದರು. ಕಂದು ಚುಕ್ಕೆ ಬೀಜದಲ್ಲೇ ಕುಳಿತು ಬರುತ್ತದೆ, ಆ ಭಾಗದ್ದು ಬೇಡ. ಉಳಿದದ್ದನ್ನು ಇಡುವುದಾದರೆ 10 ಲೀಟರ್ ನೀರಿಗೆ 300 ಗ್ರಾಂ ಉಪ್ಪು ಹಾಕಿ ತೇಲುವ ಜೊಳ್ಳನ್ನೆಲ್ಲ ತೆಗೆದು, ಮುಳುಗಿದ್ದನ್ನು ಎರಡು ಮೂರು ಸಲ ತೊಳೆದು, ನೆರಳಲ್ಲಿ ಒಣಗಿಸಿ, ಬೀಜೋಪಚಾರ ಮಾಡಿಯೇ ಸಸಿಮಡಿಗೆ ಹಾಕಿ ಎಂದೆ. ಮಣ್ಣಿನ ಪೊಟ್ಯಾಷ್ ಪರೀಕ್ಷೆಗೆ ಎಲ್ಲಿಂದ ಎಷ್ಟು ಮಣ್ಣು ತೆಗೆಯಬೇಕೆಂದು ಅವರೇ ಕೇಳಿ ಬರೆದುಕೊಂಡರು.